ಮೊಟ್ಟೆ ಮಾರಲು ಹೊರಟವಳಿಗೆ ಸುಲ್ತಾನ್‌ಪೇಟೆಯ ಪ್ರಿಂಟಿಂಗ್ ಪ್ರೆಸ್‌ನಿಂದ ಕಿವಿಮಾತು

ಲೇಬಲ್ ಹೊಡೆಸೋಕೆ ಬಂದಿದ್ದೀಯ, ಸಂತೋಷ ಕಣಮ್ಮ. ಬಣ್ಣ, ಡಿಸೈನು ಆಮೇಲೆ ನೋಡೋಣ, ಮೊದಲು ಇಷ್ಟು ಕೇಳು. ಅಕ್ಕಿ, ಬೇಳೆ ಆದರೆ ಜನ ಕೈಯಲ್ಲಿ ಹಿಡಿದು ನೋಡಿ ಕೊಳ್ಳುತ್ತಾರೆ. ಮೊಟ್ಟೆ ಕೊಳ್ಳುವವರಿಗೆ ಒಡೆಯೋವರೆಗೂ ನಿನ್ನ ಮಾತೇ ಆಧಾರ.

• ದಿನಾಂಕ, ಬೆಲೆ ಎರಡನ್ನೂ ಅಚ್ಚಿನಲ್ಲಿ ಹಾಕಿಸಬೇಡ. ಒಟ್ಟಿಗೆ ಹೊಡೆಸಿದರೆ ಅಗ್ಗ, ನಿಜ. ಆದರೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ (ಎನ್‌ಇಸಿಸಿ) ದರ ದಿನದಿನಕ್ಕೂ ಏರಿಳಿಯುತ್ತೆ. ಆ ಜಾಗ ಖಾಲಿ ಬಿಟ್ಟು, ಬಾಕ್ಸ್ ಕಟ್ಟುವ ದಿನವೇ ರಬ್ಬರ್ ಸ್ಟಾಂಪ್ ಒತ್ತು. ನೀರಿಗೆ ಕದಡದ ಇಂಕು ತಗೋ. ಫ್ರಿಜ್ಜಿಂದ ತೆಗೆದ ಬಾಕ್ಸ್ ಬೆವರುತ್ತೆ. ದರ ಏರಿತು ಅಂತ ಹಳೇ ಬೆಲೆ ಮೇಲೆ ಹೊಸ ಸ್ಟಿಕ್ಕರ್ ಅಂಟಿಸೋದು ಕಾನೂನಿಗೆ ವಿರುದ್ಧ.

• ನಿನ್ನ ಹೆಸರು, ವಿಳಾಸ, ಫೋನು, ಎಷ್ಟು ಮೊಟ್ಟೆ, ಒಂದಕ್ಕೆ ಎಷ್ಟು ಬೀಳುತ್ತೆ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ಎಷ್ಟರೊಳಗೆ ಬಳಸಬೇಕು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು: ಇವೆಲ್ಲ ಇರಲೇಬೇಕು. ಮಾಂಸಾಹಾರದ ಗುರುತು ಈಗ ಕಂದು ಚೌಕದೊಳಗೆ ಕಂದು ತ್ರಿಕೋನ. ಹಳೇ ಫೈಲುಗಳಲ್ಲಿ ದುಂಡು ಚುಕ್ಕೆ ಇರುತ್ತೆ, ಅಚ್ಚಿಗೆ ಹೋಗೋ ಮೊದಲು ನೀನೇ ನೋಡು.

• ಸರಕಿನ ಹೆಸರು ಕನ್ನಡದಲ್ಲೂ ದೊಡ್ಡದಾಗಿ ಬರಲಿ. ರಾಜ್ಯದಲ್ಲಿ ತಯಾರಾಗೋ ಸರಕಿಗೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ಅದನ್ನೇ ಕೇಳುತ್ತೆ.

• ‘ನಾಟಿ’ ಅನ್ನೋ ಮಾತನ್ನ ಹಗುರವಾಗಿ ಬಳಸಬೇಡ, ಇದೇ ನಾನು ಹೇಳಬೇಕಾದ ಮುಖ್ಯ ವಿಷಯ. ಮೊಟ್ಟೆ ಕಂದು ಇದ್ದ ಮಾತ್ರಕ್ಕೆ ನಾಟಿ ಆಗಲ್ಲ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತೆ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಕೋಳಿಯ ಮೊಟ್ಟೆಯೂ ಕಂದೇ. ಅದನ್ನೇ ಮಾರೋದಾದರೆ ‘ಗಿರಿರಾಜ’ ಅಂತಲೇ ಹಾಕು, ಅದರಲ್ಲಿ ಏನೂ ಕಡಿಮೆ ಇಲ್ಲ. ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್ ಬಳಿದು ನಾಟಿ ಅಂತ ದುಪ್ಪಟ್ಟು ಬೆಲೆ ಕೀಳೋರಿದ್ದಾರೆ. ಬಾಣಂತಿಗೆ, ಕೂಸಿಗೆ ಅಂತ ಹೊಟ್ಟೆ ಕಟ್ಟಿ ಕೊಳ್ಳೋ ಮನೆಯವರಿಗೆ ಮಾಡೋ ದ್ರೋಹ ಅದು. ಪ್ರಮಾಣಪತ್ರ ಕೈಲಿಲ್ಲದೆ ‘ಸಾವಯವ’ ಅಂತಲೂ ಬೇಡ.

• ಕೊಳೆ ಅಂಟಿದ್ದರೆ ಒಣ ಬಟ್ಟೇಲಿ ಒರೆಸು. ನೀರಲ್ಲಿ ಅದ್ದಿ ತೊಳೆದರೆ ಚಿಪ್ಪಿನ ಮೇಲಿನ ರಕ್ಷೆಯ ಪೊರೆ ಹೋಗಿ, ಸಣ್ಣ ರಂಧ್ರಗಳಿಂದ ಕ್ರಿಮಿ ಒಳಗೆ ಇಳಿಯುತ್ತೆ.

• 30ರ ರಟ್ಟಿನ ಟ್ರೇ ಒಂದು ಸಲಕ್ಕೆ ಮಾತ್ರ. ಹಿಕ್ಕೆ ಅಂಟಿದ ಹಳೇ ಟ್ರೇ ಒಂದು ಫಾರಂನ ರೋಗವನ್ನ ಇನ್ನೊಂದಕ್ಕೆ ಹೊರುತ್ತೆ. ಮೊಟ್ಟೆಯ ಚೂಪು ತುದಿ ಕೆಳಗಿರಲಿ.

• ಬಿರುಕು ಬಿಟ್ಟಿದ್ದನ್ನ ಬಾಕ್ಸ್‌ನ ತಳದಲ್ಲಿ ಸೇರಿಸಬೇಡ, ಬೇಕರಿಗೂ ದಾಟಿಸಬೇಡ.

• ಬಿಡಿಯಾಗಿ ಮಾರುವಾಗ ಲೇಬಲ್ ಇರಲ್ಲ. ಟ್ರೇ ಪಕ್ಕ ಚೀಟಿ ಇಡು: ಯಾವ ಕೋಳಿದು, ಯಾವತ್ತು ಬಂತು, ಒಂದಕ್ಕೆ ಎಷ್ಟು. ಹಳೇ ಟ್ರೇ ಮುಗಿಯೋವರೆಗೂ ಅದರ ಮೇಲೆ ಹೊಸದನ್ನ ಜೋಡಿಸಬೇಡ.

• ಮೊದಲು 200 ಲೇಬಲ್ ಹೊಡೆಸು. ಪ್ರೂಫ್ ನೀನೇ ಓದಿ ಸಹಿ ಹಾಕು, ಆಮೇಲೆ ಪ್ಲೇಟ್ ಮಾಡಿಸೋಣ.