ಮನೆಯ ಗಣಕಯಂತ್ರದ ಗುಪ್ತ ಏರ್ಪಾಡುಗಳನ್ನು ತಿದ್ದುವ ಬಗೆ

ಈ ಸ್ಮರಣ ಸಂಚಿಕೆಗಾಗಿ ಗೃಹಕೃತ್ಯಕ್ಕೆ ಉಪಯುಕ್ತವಾದ ಒಂದು ಪಾಠವನ್ನು ಬರೆಯಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಈಗ ಅನೇಕರ ಮನೆಗಳಲ್ಲಿ ಗಣಕಯಂತ್ರವು ಇರುವದರಿಂದ ಅದರ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಕಳೆದ ಬೇಸಿಗೆಯ ರಜೆಯಲ್ಲಿ ಮಾಸೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆನು. ಆಕೆಯ ಮುಖವು ಬಾಡಿತ್ತು. ಯಂತ್ರವು ಎಚ್ಚತ್ತೊಡನೆ ಕನ್ನಡದ ಕೀಲಿಮಣೆಯೇ ಸಿದ್ಧವಾಗಿರಲೆಂದು, ಯಾರೋ ಅಪರಿಚಿತರು ಹೇಳಿಕೊಟ್ಟಂತೆ, ಹಿಂದಿನ ರಾತ್ರಿ ಆಕೆಯು ಒಳಗಿನ ಒಂದು ಅಂಕೆಯನ್ನು ಬದಲಿಸಿದ್ದಳು. ಬೆಳಿಗ್ಗೆ ಪಾಸ್‌ವರ್ಡನ್ನು ಎಷ್ಟು ಸಲ ಒತ್ತಿದರೂ ಯಂತ್ರವು ತಪ್ಪೆಂದೇ ಹೇಳಿತು. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಕಾಗದಗಳೆಲ್ಲವೂ ಅದರೊಳಗಿದ್ದವು. ಅರ್ಜಿಗೆ ಮರುದಿನವೇ ಕಡೆಯ ದಿನ. ನೆರೆಮನೆಯ ತರುಣನು, "ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ್ರೀ ಅಕ್ಕಾ," ಎಂದು ಸಿದ್ಧನಾಗಿ ಕುಳಿತಿದ್ದನು. ಹಾಗೆ ಮಾಡಿದ್ದರೆ ಕಾಗದಗಳೂ, ತೀರಿಕೊಂಡ ತಾಯಿಯ ಚಿತ್ರಗಳೂ ಅಳಿದುಹೋಗುತ್ತಿದ್ದವು.

"ನೀನು ಬದಲಿಸುವ ಮುಂಚೆ ಅಲ್ಲಿ ಏನಿತ್ತು?" ಎಂದು ಕೇಳಿದೆನು.

"ಬರಕೊಂಡಿಲ್ರೀ ಅಕ್ಕೋರ," ಎಂದು ತಲೆ ತಗ್ಗಿಸಿದಳು.

ಪರದೆಯ ಕೆಳಗಿನ ಮೂಲೆಯನ್ನು ನೋಡಲಾಗಿ, ಭಾಷೆಯನ್ನು ಸೂಚಿಸುವ ಸಣ್ಣ ಗುರುತು ಕನ್ನಡವನ್ನು ತೋರಿಸುತ್ತಿತ್ತು. ಆಕೆಯ ಪಾಸ್‌ವರ್ಡು ಕನ್ನಡದ ಅಕ್ಷರಗಳಾಗಿ ಒಳಗೆ ಹೋಗುತ್ತಿದ್ದದೇ ದೋಷಕ್ಕೆ ಕಾರಣ. ಆ ಗುರುತನ್ನು ಒತ್ತಿ ಇಂಗ್ಲಿಷಿಗೆ ತಿರುಗಿಸಿದೊಡನೆ ಬಾಗಿಲು ತೆರೆಯಿತು. ಅರ್ಜಿಯು ಅಂದೇ ಹೋಯಿತು.

ಅಂದು ಸಂಜೆ ನಾವಿಬ್ಬರೂ ಮದಗದ ಕೆರೆಯನ್ನು ನೋಡಹೋದೆವು. ಕುಮುದ್ವತಿ ನದಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಕಟ್ಟಿದ ಆ ಪ್ರಾಚೀನ ಕೆರೆಯನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಕೆರೆಯಲ್ಲಿ ಕಾಣುವದು ನೀರು ಮತ್ತು ಏರಿ. ಆದರೆ ಗದ್ದೆಗೆ ನೀರು ಹರಿಯುವದು ಕಣ್ಣಿಗೆ ಬೀಳದ ತೂಬಿನಿಂದ. ತೂಬನ್ನು ಎಷ್ಟು ತೆರೆದಿದೆ, ಹೇಗೆ ಮುಚ್ಚಬೇಕು ಎಂಬದನ್ನು ಅರಿಯದವನು ಅದಕ್ಕೆ ಕೈ ಹಾಕುವದಿಲ್ಲ. ಗಣಕಯಂತ್ರಕ್ಕೂ ಅಂಥ ತೂಬುಗಳುಂಟು.

ಅವು ಎಲ್ಲಿವೆ? ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ತನ್ನ ಏರ್ಪಾಡುಗಳಲ್ಲಿ ಬಹುಭಾಗವನ್ನು ರೆಜಿಸ್ಟ್ರಿ ಎಂಬ ಉಗ್ರಾಣದಲ್ಲಿ ಇಡುತ್ತದೆ. ೧೯೯೫ರಲ್ಲಿ ವಿಂಡೋಸ್ ೯೫ ಬಂದಂದಿನಿಂದ ಮನೆಯ ಯಂತ್ರಗಳಲ್ಲಿ ಇದೇ ಮುಖ್ಯವಾದ ಉಗ್ರಾಣವಾಯಿತು. ರೆಜ್‌ಎಡಿಟ್ ಎಂಬ ಸಾಧನದಿಂದ ಇದನ್ನು ತೆರೆದರೆ ಐದು ದೊಡ್ಡ ಕೋಣೆಗಳು ಕಾಣುವವು. ಅವುಗಳೊಳಗೆ ಕೀ ಎಂಬ ಗೂಡುಗಳು. ಗೂಡಿನೊಳಗೆ ಹೆಸರೂ ಬೆಲೆಯೂ ಇರುವ ಚೀಟಿಗಳು. ನಮ್ಮ ವಿದ್ಯಾರ್ಥಿನಿಯು ಕೈ ಹಾಕಿದ್ದು ಎಚ್‌ಕೀ ಯೂಸರ್ಸ್ ಎಂಬ ಕೋಣೆಯ ಡಿಫಾಲ್ಟ್ ಭಾಗದಲ್ಲಿರುವ ಪ್ರಿಲೋಡ್ ಎಂಬ ಗೂಡಿಗೆ. ಅಲ್ಲಿ ೦೦೦೦೦೪೦೯ ಎಂದರೆ ಅಮೇರಿಕದ ಇಂಗ್ಲಿಷ್ ಕೀಲಿಮಣೆ, ೦೦೦೦೦೪೪ಬಿ ಎಂದರೆ ಕನ್ನಡದ ಕೀಲಿಮಣೆ.

ಈ ಸಾಧನದ ಒಂದು ಸ್ವಭಾವವನ್ನು ಎಲ್ಲರೂ ಚೆನ್ನಾಗಿ ತಿಳಿದಿರತಕ್ಕದ್ದು. ಪತ್ರ ಬರೆಯುವಾಗ ತಪ್ಪಿದರೆ ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿಯುಂಟು; ಕಡೆಗೆ ಉಳಿಸಲೋ ಬೇಡವೋ ಎಂದು ಯಂತ್ರವು ಕೇಳುವದೂ ಉಂಟು. ರೆಜ್‌ಎಡಿಟಿನಲ್ಲಿ ಇವೆರಡೂ ಇಲ್ಲ. ಬದಲಿಸಿದ ಕ್ಷಣವೇ ಬರಹವು ನಿಲ್ಲುತ್ತದೆ. ಆದರೆ ಅದರ ಪರಿಣಾಮವು ಕೆಲವು ಸಲ ಯಂತ್ರವನ್ನು ಪುನಃ ಆರಂಭಿಸಿದ ಮೇಲೆಯೇ ಕಾಣುವದು. ರಾತ್ರಿ ಮಾಡಿದ ತಪ್ಪು ಬೆಳಿಗ್ಗೆ ಹೊರಬಿದ್ದದ್ದು ಈ ಕಾರಣದಿಂದಲೇ. ಆದುದರಿಂದ ಹಿಂದಿರುಗುವ ದಾರಿಯನ್ನು ನಾವೇ ಮೊದಲು ಮಾಡಿಕೊಳ್ಳಬೇಕು. ಅದರ ಕ್ರಮವು ಹೀಗೆ:

ಮೊದಲನೆಯದಾಗಿ, ತೆರೆದ ಬಾಗಿಲು ಇದೆಯೋ ಎಂದು ನೋಡಿರಿ. ಸೆಟ್ಟಿಂಗ್ಸ್ ಎಂಬಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿದರೆ ಕೀಲಿಮಣೆಯು ದೊರೆಯುತ್ತದೆ. ವಿಂಡೋಸ್ ಕೀಲಿಯನ್ನೂ ಸ್ಪೇಸ್ ಕೀಲಿಯನ್ನೂ ಕೂಡಿ ಒತ್ತಿದರೆ ಭಾಷೆಯು ಬದಲಾಗುತ್ತದೆ. ನಮ್ಮ ವಿದ್ಯಾರ್ಥಿನಿಗೆ ಬೇಕಾದದ್ದು ಇಷ್ಟೇ. ಅದಕ್ಕೆ ಉಗ್ರಾಣದ ಬೀಗ ತೆಗೆಯುವ ಅವಶ್ಯವಿರಲಿಲ್ಲ.

ಎರಡನೆಯದಾಗಿ, ಕಾಗದಪತ್ರಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿರಿ. ಬಳಿಕ ರೀಸ್ಟೋರ್ ಪಾಯಿಂಟ್ ಎಂಬ ಗುರುತುಕಲ್ಲನ್ನು ನೆಡಿರಿ. ಸಿಸ್ಟಮ್ ಪ್ರೊಟೆಕ್ಷನ್ ಮೊದಲೇ ಚಾಲೂ ಇದೆಯೋ ಎಂದು ನೋಡಿಕೊಳ್ಳತಕ್ಕದ್ದು. ಈ ಗುರುತುಕಲ್ಲು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುವದೇ ಹೊರತು ಅಳಿಸಿಹೋದ ಚಿತ್ರಗಳನ್ನು ತಂದುಕೊಡದು.

ಮೂರನೆಯದಾಗಿ, ತಿದ್ದಬೇಕಾದ ಗೂಡನ್ನು ಮಾತ್ರ ಆರಿಸಿ, ಫೈಲ್ ಪಟ್ಟಿಯ ಎಕ್ಸ್‌ಪೋರ್ಟ್ ಎಂಬದರಿಂದ ಅದರ ಪ್ರತಿಯನ್ನು ತೆಗೆದು, ತಾರೀಖು ಸಹಿತ ಹೆಸರಿಟ್ಟು ಉಳಿಸಿರಿ. ತಪ್ಪಾದರೆ ಆ ಪ್ರತಿಯನ್ನು ಎರಡು ಸಲ ಒತ್ತಿ ಒಪ್ಪಿಗೆ ಕೊಟ್ಟರೆ ಹಳೆಯ ಬೆಲೆಗಳು ತಿರುಗಿ ಬರುವವು. ಆದರೆ ನೀವು ಹೊಸದಾಗಿ ಸೇರಿಸಿದ ಚೀಟಿಯನ್ನು ಅದು ತೆಗೆಯುವದಿಲ್ಲ. ಅದನ್ನು ನೀವೇ ತೆಗೆಯಬೇಕು. ಆದಕಾರಣ ಯಂತ್ರದ ಬಳಿಯಲ್ಲಿ ಒಂದು ನೋಟುಬುಕ್ಕು ಇರಲಿ. ಗೂಡಿನ ಹೆಸರು, ಹಳೆಯ ಬೆಲೆ, ಹೊಸ ಬೆಲೆ, ತಾರೀಖು ಈ ನಾಲ್ಕನ್ನೂ ಕೈಯಿಂದ ಬರೆಯಿರಿ. ಯಂತ್ರವು ತೆರೆಯದಿದ್ದಾಗ ಯಂತ್ರದೊಳಗಿನ ಟಿಪ್ಪಣಿಯನ್ನು ಓದುವದೆಂತು?

ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಯಂತ್ರವನ್ನು ಪುನಃ ಆರಂಭಿಸಿ ನೋಡಿರಿ. ಅಡಿಗೆಗೆ ಉಪ್ಪು, ಹುಳಿ, ಖಾರಗಳನ್ನು ಒಟ್ಟಿಗೆ ಸುರಿದವಳಿಗೆ ರುಚಿ ಕೆಟ್ಟದ್ದು ಯಾವುದರಿಂದ ಎಂದು ತಿಳಿಯದು.

ಐದನೆಯದಾಗಿ, ಅಪರಿಚಿತರು ಕಳಿಸಿದ ರೆಜ್ ಕಡತವನ್ನು ಒತ್ತಬೇಡಿರಿ. ಅದು ಬರಿಯ ಬರಹವಾದದ್ದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು, ಅರ್ಥವಾಗದಿದ್ದರೆ ಬಿಟ್ಟುಬಿಡಿರಿ. ೨೦೦೦ನೆಯ ಇಸವಿಯ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನಿಂದ ಲೋಕವನ್ನೆಲ್ಲ ಪೀಡಿಸಿದ ಐಲವ್‌ಯೂ ಎಂಬ ಹುಳವು, ಪ್ರತಿಸಲವೂ ತಾನಾಗಿ ಏಳುವಂತೆ ರೆಜಿಸ್ಟ್ರಿಯಲ್ಲಿಯೇ ತನ್ನ ಹೆಸರನ್ನು ಬರೆದುಕೊಳ್ಳುತ್ತಿತ್ತು. ರೆಜಿಸ್ಟ್ರಿಯನ್ನು ಗುಡಿಸಿ ಶುದ್ಧಮಾಡುವೆವೆಂಬ ಸಾಧನಗಳೂ ಬೇಡ. ಅವುಗಳ ಬಳಕೆಯನ್ನು ಮೈಕ್ರೋಸಾಫ್ಟಿನವರೇ ಬೆಂಬಲಿಸುವದಿಲ್ಲ.

ಇಷ್ಟಾದರೂ ಯಂತ್ರವು ತೆರೆಯದಿದ್ದರೆ ಗಾಬರಿಪಡಬೇಡಿರಿ. ಪ್ರವೇಶದ ಪರದೆಯಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟನ್ನು ಆರಿಸಿದರೆ ದುರಸ್ತಿಯ ಪಟ್ಟಿಯು ಬರುವದು; ಅಲ್ಲಿಂದ ನೀವು ನೆಟ್ಟ ಗುರುತುಕಲ್ಲಿಗೆ ಹಿಂದಿರುಗಬಹುದು. ಕೆಲವು ಯಂತ್ರಗಳು ಆಗ ಬಿಟ್‌ಲಾಕರಿನ ದೀರ್ಘವಾದ ಸಂಖ್ಯೆಯನ್ನು ಕೇಳುವದರಿಂದ ಅದನ್ನೂ ಮೊದಲೇ ಬರೆದು ಪೆಟ್ಟಿಗೆಯಲ್ಲಿಟ್ಟಿರಬೇಕು.

ನಾನು ಇದನ್ನು ಹೆದರಿಸಲಿಕ್ಕೆ ಬರೆದುದಲ್ಲ. ನಮ್ಮ ಹೆಣ್ಣುಮಕ್ಕಳು ಯಂತ್ರದ ಒಳಗನ್ನು ಗಂಡಸರಿಗೇ ಬಿಟ್ಟುಕೊಟ್ಟು ದೂರ ನಿಲ್ಲಬೇಕೆಂಬದು ನನ್ನ ಅಭಿಪ್ರಾಯವೂ ಅಲ್ಲ. ಮಾಸೂರಿನ ಆ ತಾಯಿಯು ಕನ್ನಡಕ್ಕಾಗಿ ಕೈ ಹಾಕಿದ್ದು ಒಳ್ಳೆಯದೇ. ಬರೆದಿಟ್ಟುಕೊಳ್ಳದ್ದು ಮಾತ್ರ ಕುಂದು. ಈಗ ಆಕೆಯ ಮೇಜಿನ ಮೇಲೆ ಒಂದು ನೋಟುಬುಕ್ಕು ಇದೆ. ಅದರ ಮೊದಲನೆಯ ಪುಟದಲ್ಲಿ, ನಾವಿಬ್ಬರೂ ಕೂಡಿ ತಿದ್ದಿದ ಆ ಅಂಕೆಯು ತಾರೀಖಿನೊಡನೆ ಮಗಳ ಕೈಬರಹದಲ್ಲಿ ಬರೆಯಲ್ಪಟ್ಟಿದೆ. ನಿಮ್ಮ ನಿಮ್ಮ ಮನೆಗಳಲ್ಲಿಯೂ ಹಾಗೆಯೇ ಆಗಲೆಂದು ಹಾರೈಸುತ್ತೇನೆ.