ಕೂಡಿ ಕಟ್ಟುವ ಕಥೆ: ಅದರ ನಿಯಮಗಳೂ ಅಂಕಗಳೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಥೆಯನ್ನು ಒಬ್ಬನು ಬರೆಯುತ್ತಾನೆ, ಹಲವರು ಓದುತ್ತಾರೆ. ಇದು ನಮಗೆಲ್ಲ ಪರಿಚಿತವಾದ ಕ್ರಮ. ಆದರೆ ಹಲವರು ಒಟ್ಟಿಗೆ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಸರದಿಯಂತೆ ಮಾತಾಡುತ್ತಲೋ ಬರೆಯುತ್ತಲೋ ಕಥೆಯನ್ನು ಮುಂದೆ ನಡೆಸುವ ಇನ್ನೊಂದು ಕ್ರಮವೂ ಉಂಟು. ಇಂಗ್ಲಿಷಿನಲ್ಲಿ ಇದಕ್ಕೆ ‘ರೋಲ್ ಪ್ಲೇಯಿಂಗ್’ ಎಂದು ಹೆಸರು. ನಾವು ಇದನ್ನು ಪಾತ್ರಕ್ರೀಡೆ ಎನ್ನಬಹುದು. ಇಲ್ಲಿ ಬರೆಯುವವರೇ ಓದುವವರು. ಮುಂದೇನಾಗುವುದೆಂಬುದು ಯಾರೊಬ್ಬರಿಗೂ ಪೂರ್ತಿಯಾಗಿ ತಿಳಿದಿರುವುದಿಲ್ಲ.

ಇಂತಹ ಕಥೆಯಲ್ಲಿ ಎರಡು ಪ್ರಶ್ನೆಗಳು ಕೂಡಲೆ ತಲೆಯೆತ್ತುತ್ತವೆ. ಇಬ್ಬರ ಇಚ್ಛೆ ಒಂದಕ್ಕೊಂದು ವಿರುದ್ಧವಾದಾಗ ಏನು ನಡೆಯಿತೆಂದು ತೀರ್ಮಾನಿಸುವವರು ಯಾರು? ಚೆನ್ನಾಗಿ ನಡೆಸಿದವನಿಗೆ ದೊರೆಯತಕ್ಕ ಫಲ ಏನು? ಮೊದಲನೆಯದರಿಂದ ನಿಯಮಗಳು ಹುಟ್ಟಿದವು, ಎರಡನೆಯದರಿಂದ ಅಂಕಗಳು ಹುಟ್ಟಿದವು. ಇವೆರಡರ ಸ್ವರೂಪವನ್ನು ಸ್ಥೂಲವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ. ಆಟದ ವಿಷಯವೆಂದು ವಾಚಕರು ಇದನ್ನು ಹಗುರವಾಗಿ ಎಣಿಸಬಾರದಾಗಿ ಪ್ರಾರ್ಥನೆ. ಅಂಕಗಳ ನೆರಳಿನಲ್ಲೇ ಬಾಳುವ ವಿದ್ಯಾರ್ಥಿಗಳಿಗೆ ಇದರಿಂದ ಕಲಿಯತಕ್ಕದ್ದು ಸಾಕಷ್ಟಿದೆ.

ಉಗಮ

ಆಧುನಿಕ ಪಾತ್ರಕ್ರೀಡೆ ಹುಟ್ಟಿದ್ದು ಅಮೆರಿಕ ದೇಶದಲ್ಲಿ, ಯುದ್ಧದ ಆಟಗಳ ಮನೆಯಲ್ಲಿ. ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆಗಳನ್ನು ನಿಲ್ಲಿಸಿ ಹಳೆಯ ಕಾಳಗಗಳನ್ನು ಮತ್ತೆ ಹೂಡುವ ಹವ್ಯಾಸಿಗಳು ಅಲ್ಲಿದ್ದರು. ೧೯೬೯ರಲ್ಲಿ ಮಿನೆಸೋಟ ಪ್ರಾಂತದ ಡೇವಿಡ್ ವೆಸ್ಲಿ ಎಂಬಾತ ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಊರೊಂದನ್ನು ಸೃಷ್ಟಿಸಿ, ಆಟಗಾರರಿಗೆ ಸೈನ್ಯಗಳಿಗೆ ಬದಲಾಗಿ ಒಂದೊಂದು ವ್ಯಕ್ತಿಯ ಪಾತ್ರವನ್ನೇ ಕೊಟ್ಟ. ಆ ಆಟದಲ್ಲಿ ಭಾಗವಹಿಸಿದ್ದ ಡೇವ್ ಆರ್ನೆಸನ್ ಮುಂದೆ ‘ಬ್ಲ್ಯಾಕ್‌ಮೂರ್’ ಎಂಬ ತನ್ನದೇ ಲೋಕವನ್ನು ಕಟ್ಟಿದ. ವಿಸ್ಕಾನ್‌ಸಿನ್ ಪ್ರಾಂತದ ಗ್ಯಾರಿ ಗೈಗ್ಯಾಕ್ಸನೊಡನೆ ಕೂಡಿ ಆತ ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ೧೯೭೪ರಲ್ಲಿ ಮೂರು ಪುಟ್ಟ ಪುಸ್ತಿಕೆಗಳ ರೂಪದಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬನು ಸೂತ್ರಧಾರ. ಗುಹೆ, ಕೋಟೆ, ರಾಕ್ಷಸ, ನಿಧಿ ಇವುಗಳನ್ನು ವರ್ಣಿಸುವವನು ಅವನು. ಉಳಿದವರು ಯೋಧ, ಮಾಂತ್ರಿಕ, ಪೂಜಾರಿ ಮುಂತಾದ ಪಾತ್ರಗಳಾಗಿ “ನಾನು ಹೀಗೆ ಮಾಡುತ್ತೇನೆ” ಎಂದು ಹೇಳುತ್ತಾರೆ.

ದಾಳದ ನ್ಯಾಯ

ಮಕ್ಕಳು ಬೀದಿಯಲ್ಲಿ ರಾಜ–ಕಳ್ಳ ಆಡುವುದನ್ನು ನೋಡಿ. “ನಾನು ಹೊಡೆದೆ, ನೀನು ಸತ್ತೆ” ಎನ್ನುತ್ತಾನೆ ಒಬ್ಬ. “ನನಗೆ ತಗಲಲೇ ಇಲ್ಲ” ಎನ್ನುತ್ತಾನೆ ಇನ್ನೊಬ್ಬ. ಆಟ ಜಗಳವಾಗಿ ಮುಗಿಯುತ್ತದೆ; ಇಲ್ಲವೇ ಗಟ್ಟಿ ಗಂಟಲಿನವನು ಗೆಲ್ಲುತ್ತಾನೆ. ಈ ಜಗಳಕ್ಕೆ ಯಾರ ಪಕ್ಷವನ್ನೂ ವಹಿಸದ ತೀರ್ಪುಗಾರನೊಬ್ಬ ಬೇಕು. ದಾಳವೇ ಆ ತೀರ್ಪುಗಾರ.

೧೯೭೪ರ ನಿಯಮದಂತೆ ಪ್ರತಿ ಪಾತ್ರಕ್ಕೂ ಬಲ, ಬುದ್ಧಿ, ವಿವೇಕ, ಸಹನಶಕ್ತಿ, ಕೈಚಳಕ, ವ್ಯಕ್ತಿತ್ವದ ಆಕರ್ಷಣೆ ಎಂಬ ಆರು ಗುಣಗಳು. ಒಂದೊಂದು ಗುಣಕ್ಕೂ ಆರು ಮುಖದ ಮೂರು ದಾಳಗಳನ್ನು ಎಸೆದು ಬಂದ ಮೊತ್ತವೇ ಅದರ ಅಳತೆ. ಮೂರು ದಾಳಗಳು ಬೀಳುವ ರೀತಿಗಳು ಒಟ್ಟು ೨೧೬. ಅವುಗಳಲ್ಲಿ ಅತ್ಯುಚ್ಚವಾದ ೧೮ ಬರುವುದು ಒಂದೇ ರೀತಿಯಿಂದ. ಅತ್ಯಲ್ಪವಾದ ೩ ಬರುವುದೂ ಹಾಗೆಯೇ. ೧೦ ಮತ್ತು ೧೧ ಒಂದೊಂದೂ ೨೭ ರೀತಿಗಳಿಂದ ಬರುತ್ತವೆ. ೯ರಿಂದ ೧೨ರ ವರೆಗಿನ ಮೊತ್ತಗಳಿಗೆ ೧೦೪ ರೀತಿಗಳು, ಎಂದರೆ ಹೆಚ್ಚುಕಡಮೆ ಅರ್ಧ ಪಾಲು. ಹೀಗೆ ಬಹುಮಂದಿ ನಡುಮಟ್ಟದವರಾಗಿಯೇ ಹುಟ್ಟುತ್ತಾರೆ. ಮಹಾಬಲನೂ ಅಪರೂಪ, ತೀರ ದುರ್ಬಲನೂ ಅಪರೂಪ. ಲೋಕದ ರೀತಿಗೆ ಇದು ಸಮೀಪವಾದದ್ದೆಂಬುದು ನಿಜ. ಆದರೆ ಹುಟ್ಟಿನಲ್ಲಿ ಬಂದದ್ದು ಪಾತ್ರದ ಕೊನೆಯವರೆಗೂ ಬೆನ್ನಿಗಿರುತ್ತದೆ ಎಂಬ ಅಸಮಾಧಾನಕ್ಕೂ ಇದೇ ಕಾರಣವಾಯಿತು.

ಯಾವುದಕ್ಕೆ ಅಂಕ?

ಆಟದಲ್ಲಿ ಪಳಗಿದಂತೆ ಪಾತ್ರವು ಮೇಲಿನ ಮೆಟ್ಟಿಲಿಗೆ ಏರಲೆಂದು ‘ಅನುಭವದ ಅಂಕ’ಗಳನ್ನು ಏರ್ಪಡಿಸಿದರು. ಎರಡನೆಯ ಮೆಟ್ಟಿಲಿಗೆ ಏರಲು ಯೋಧನಿಗೆ ೨,೦೦೦ ಅಂಕ, ಮಾಂತ್ರಿಕನಿಗೆ ೨,೫೦೦, ಪೂಜಾರಿಗೆ ೧,೫೦೦ ಅಂಕ ಬೇಕು. ಈ ಅಂಕಗಳು ಎರಡು ಬಗೆಯಿಂದ ದೊರೆಯುತ್ತಿದ್ದವು. ರಾಕ್ಷಸರನ್ನು ಸೋಲಿಸಿದರೆ ಕೆಲವು. ನಿಧಿಯನ್ನು ಹೊರಗೆ ತಂದರೆ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ.

ಈ ಚಿಕ್ಕ ನಿಯಮದ ಪರಿಣಾಮವನ್ನು ಗಮನಿಸಬೇಕು. ಚಿನ್ನಕ್ಕೆ ಅಂಕವಿದ್ದಾಗ ಜಾಣನಾದ ಆಟಗಾರನು ಕಾಳಗವನ್ನು ಆದಷ್ಟು ತಪ್ಪಿಸುತ್ತಾನೆ. ರಾಕ್ಷಸನು ನಿದ್ರಿಸುತ್ತಿರುವಾಗ ಪಕ್ಕದಿಂದ ನುಸುಳುತ್ತಾನೆ, ಅವನೊಡನೆ ಸಂಧಾನ ಮಾಡುತ್ತಾನೆ, ಹಗ್ಗ ಏಣಿಗಳನ್ನು ಜೋಡಿಸಿ ಉಪಾಯ ಹೂಡುತ್ತಾನೆ. ೧೯೮೯ರಲ್ಲಿ ಹೊರಬಂದ ಎರಡನೆಯ ಪರಿಷ್ಕರಣದಲ್ಲಿ ಚಿನ್ನದ ಅಂಕವನ್ನು ಐಚ್ಛಿಕವನ್ನಾಗಿ ಮಾಡಿದರು. ಚಿನ್ನದ ಅಂಕವನ್ನು ತೆಗೆದು ಶತ್ರುವನ್ನು ಸೋಲಿಸಿದ ಅಂಕವನ್ನೇ ಮುಖ್ಯ ಮಾಡಿದಲ್ಲಿ, ಅದೇ ಜಾಣ ಆಟಗಾರನು ಕತ್ತಿ ಹಿರಿಯುವುದೇ ಲಾಭವೆಂದು ಕಾಣುತ್ತಾನೆ. ಗುಹೆ ಅದೇ, ರಾಕ್ಷಸ ಅದೇ, ಮನುಷ್ಯನೂ ಅದೇ. ನಡತೆ ಮಾತ್ರ ಬೇರೆಯಾಯಿತು. “ವೀರರಾಗಿರಿ” ಎಂದು ಪುಸ್ತಕ ಎಷ್ಟೇ ಉಪದೇಶಿಸಲಿ, ಆಟಗಾರರು ಕಿವಿಗೊಡುವುದು ಅಂಕಪಟ್ಟಿಯ ಉಪದೇಶಕ್ಕೆ.

ಹುಟ್ಟಿನ ಅಸಮತೆಯನ್ನು ನಿವಾರಿಸಲು ಇನ್ನೊಂದು ಮಾರ್ಗವನ್ನು ಹಿಡಿದವರೂ ಉಂಟು. ೧೯೮೧ರ ‘ಚಾಂಪಿಯನ್ಸ್’, ೧೯೮೬ರ ‘ಗರ್ಪ್ಸ್’ ಎಂಬ ಆಟಗಳಲ್ಲಿ ದಾಳ ಎಸೆದು ಗುಣ ಪಡೆಯುವ ಬದಲು ಎಲ್ಲರಿಗೂ ಸಮಾನವಾದ ಅಂಕಗಳನ್ನು ಬಂಡವಾಳವಾಗಿ ಕೊಟ್ಟು ಗುಣಗಳನ್ನು ಕೊಳ್ಳಲು ಬಿಟ್ಟರು. ಪಾತ್ರಕ್ಕೆ ದೋಷಗಳನ್ನು ಆರಿಸಿಕೊಂಡರೆ, ಉದಾಹರಣೆಗೆ ಕುಂಟುಕಾಲು, ಮುಂಗೋಪ, ಕೊಟ್ಟ ಮಾತಿಗೆ ತಪ್ಪಲಾಗದ ಹಟ ಇಂತಹವನ್ನು ಆರಿಸಿಕೊಂಡರೆ, ಅಂಕಗಳು ಮರಳಿ ದೊರೆಯುತ್ತವೆ. ಕಥೆಯ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ದೋಷವಿಲ್ಲದ ನಾಯಕನ ಕಥೆಯಲ್ಲಿ ರಸವಿರುವುದಿಲ್ಲ. ಆದರೆ ಮನುಷ್ಯನ ಲೆಕ್ಕಾಚಾರ ಇಲ್ಲಿಯೂ ನುಸುಳಿತು. ನೀರೇ ಇಲ್ಲದ ಕಥೆಯಲ್ಲಿ “ನನಗೆ ನೀರೆಂದರೆ ಭಯ” ಎಂದು ಬರೆದು ಅಂಕ ಗಳಿಸಿದರೆ ಹೇಗೆ? ಆದುದರಿಂದ ದೋಷಗಳಿಂದ ಗಳಿಸಬಹುದಾದ ಅಂಕಕ್ಕೆ ಮಿತಿ ಹಾಕಬೇಕಾಯಿತು. ತೊಂದರೆ ಕೊಡದ ದೋಷವನ್ನು ದೋಷವೆಂದು ಎಣಿಸಕೂಡದೆಂಬ ತತ್ವವೂ ಬೇಕಾಯಿತು.

೧೯೯೧ರಲ್ಲಿ ಎರಿಕ್ ವುಜ್ಸಿಕ್ ಎಂಬಾತ ರೋಜರ್ ಜೆಲಾಜ್ನಿಯ ಕಾದಂಬರಿಗಳ ಆಧಾರದ ಮೇಲೆ ರಚಿಸಿದ ‘ಆಂಬರ್’ ಎಂಬ ಆಟದಲ್ಲಿ ದಾಳವನ್ನೇ ಕೈಬಿಟ್ಟನು. ಪ್ರತಿಯೊಬ್ಬನಿಗೂ ೧೦೦ ಅಂಕ. ಮನಶ್ಶಕ್ತಿ, ದೇಹಬಲ, ತಾಳಿಕೆ, ಯುದ್ಧಕೌಶಲ ಎಂಬ ನಾಲ್ಕು ಗುಣಗಳನ್ನು ಆಟಗಾರರು ಪರಸ್ಪರ ಹರಾಜು ಕೂಗಿ ಪಡೆಯಬೇಕು. ಕೂಗಿದ ಅಂಕ ಹೋದಂತೆಯೇ, ಹಿಂದಕ್ಕೆ ಪಡೆಯುವಂತಿಲ್ಲ. ನಮ್ಮ ವಿಷಯಕ್ಕೆ ಇದರಲ್ಲಿ ಮುಖ್ಯವಾದ ಅಂಶ ಬೇರೊಂದಿದೆ. ತನ್ನ ಪಾತ್ರದ ದಿನಚರಿಯನ್ನು ಬರೆಯುತ್ತೇನೆಂದೋ, ನಡೆದ ಕಥೆಯ ವೃತ್ತಾಂತವನ್ನು ದಾಖಲಿಸುತ್ತೇನೆಂದೋ, ಚಿತ್ರ ಬರೆದುಕೊಡುತ್ತೇನೆಂದೋ ಒಪ್ಪಿಕೊಂಡವನಿಗೆ ಹೆಚ್ಚಿನ ಅಂಕ ದೊರೆಯುತ್ತಿತ್ತು. ಎಲ್ಲರಿಗೂ ಪ್ರಯೋಜನವಾಗುವ ದುಡಿಮೆಯನ್ನು ಗಣನೆಗೆ ತಂದ ಕ್ರಮ ಇದು.

ಅಂಕವೇ ಇಲ್ಲದಿದ್ದರೆ?

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ೧೯೭೮ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಗಣಕಯಂತ್ರದ ಮೂಲಕ ಹಲವರು ಏಕಕಾಲದಲ್ಲಿ ಆಡಬಹುದಾದ ‘ಮಡ್’ ಎಂಬ ಆಟವನ್ನು ಆರಂಭಿಸಿದ. ಅವನ ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಅದರಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಅಕ್ಷರಗಳ ಮೂಲಕವೇ ನಡೆಯುತ್ತಿತ್ತು. ನಿಧಿಗಳನ್ನು ಹುಡುಕಿ ತಂದು ಜೌಗು ನೆಲದಲ್ಲಿ ಹಾಕಿದರೆ ಅಂಕ. ಅಂಕಗಳು ತುಂಬಿದವನು ಆ ಲೋಕದಲ್ಲಿ ವಿಶೇಷಾಧಿಕಾರವುಳ್ಳ ‘ಮಾಂತ್ರಿಕ’ನಾಗುತ್ತಿದ್ದ. ೧೯೮೯ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್‌ನೆಸ್ ಎಂಬಾತ ಅಂಕಗಳಿಗಾಗಿ ಹೋರಾಡುವ ಆ ಬಗೆಯನ್ನು ಬಿಟ್ಟು ‘ಟೈನಿಮಡ್’ ಎಂಬುದನ್ನು ರಚಿಸಿದ. ಆಗ ಜನ ಸುಮ್ಮನೆ ಕುಳಿತರೇ? ಇಲ್ಲ. ಪರಸ್ಪರ ಸಂಭಾಷಿಸಿದರು, ತಮ್ಮ ತಮ್ಮ ಕೋಣೆಗಳನ್ನೂ ವಸ್ತುಗಳನ್ನೂ ಮಾತಿನಲ್ಲೇ ಕಟ್ಟಿ ವರ್ಣಿಸಿದರು.

ಬಾರ್ಟಲ್ ೧೯೯೬ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾನೆ: ಸಾಧಿಸಬಯಸುವವರು, ಶೋಧಿಸಬಯಸುವವರು, ಬೆರೆಯಬಯಸುವವರು, ಇತರರನ್ನು ಕೆಡವಬಯಸುವವರು. ಅಂಕಗಳು ಮುಖ್ಯವಾಗಿ ತೃಪ್ತಿಪಡಿಸುವುದು ಮೊದಲನೆಯ ವರ್ಗವನ್ನು. ಉಳಿದವರಿಗೆ ಬೇರೆ ಬೇರೆ ಆಕರ್ಷಣೆಗಳುಂಟು. ಆದುದರಿಂದ ಒಂದೇ ಅಳತೆಗೋಲಿನಿಂದ ಎಲ್ಲರನ್ನೂ ಅಳೆಯಹೊರಟರೆ ಹಲವರ ಸಾಮರ್ಥ್ಯ ಕಣ್ಣಿಗೇ ಬೀಳುವುದಿಲ್ಲ.

ಬರೆಯುವವರ ನಿಯಮಗಳು

ಬರಹದಲ್ಲಿ ಪಾತ್ರಕ್ರೀಡೆ ನಡೆಸುವವರಲ್ಲಿ ಬಳಕೆಗೆ ಬಂದಿರುವ ಕೆಲವು ನಿಯಮಗಳು ಸಾಹಿತ್ಯದ ಅಭ್ಯಾಸಿಗಳಿಗೂ ಬೋಧಪ್ರದವಾಗಿವೆ.

ಒಂದು: ಇನ್ನೊಬ್ಬರ ಪಾತ್ರವನ್ನು ನಾವು ನಡೆಸಕೂಡದು. “ನನ್ನ ಬಾಣ ತಗಲಿ ಸೇನಾಪತಿ ಉರುಳಿದನು” ಎಂದು ಬಿಲ್ಲುಗಾರನ ಪಾತ್ರಧಾರಿ ಬರೆದರೆ ಅವನು ಇಬ್ಬರ ಕೆಲಸವನ್ನು ಒಬ್ಬನೇ ಮಾಡಿದಂತಾಯಿತು. “ಸೇನಾಪತಿಯ ಎದೆಗೆ ಗುರಿಯಿಟ್ಟು ಬಾಣ ಬಿಟ್ಟೆನು” ಎಂಬಲ್ಲಿಗೆ ಅವನ ಅಧಿಕಾರ ಮುಗಿಯುತ್ತದೆ. ಬೀಳುವುದೋ, ತಪ್ಪಿಸಿಕೊಳ್ಳುವುದೋ, ಗಾಯಗೊಂಡು ನಿಲ್ಲುವುದೋ ಸೇನಾಪತಿಯನ್ನು ವಹಿಸಿದವನಿಗೆ ಸೇರಿದ್ದು.

ಎರಡು: ಬರೆಯುವವನಿಗೆ ತಿಳಿದದ್ದೆಲ್ಲ ಪಾತ್ರಕ್ಕೆ ತಿಳಿದಿರುವುದಿಲ್ಲ. ಮಂತ್ರಿಯ ಪಿತೂರಿಯನ್ನು ಹಿಂದಿನ ಪುಟದಲ್ಲಿ ನಾನು ಓದಿರಬಹುದು. ನನ್ನ ಪಾತ್ರವಾದ ದ್ವಾರಪಾಲಕನು ಅದನ್ನು ಅರಿಯನು.

ಮೂರು: ಒಮ್ಮೆ ಒಪ್ಪಿಕೊಂಡದ್ದು ಕಥೆಯಲ್ಲಿ ಸತ್ಯವಾಗಿಯೇ ಉಳಿಯತಕ್ಕದ್ದು. ನಿನ್ನೆ ಸುಟ್ಟ ಸೇತುವೆಯನ್ನು ಇಂದು ಅನುಕೂಲಕ್ಕಾಗಿ ದಾಟುವಂತಿಲ್ಲ.

ನಾಲ್ಕು: ಪಾತ್ರಗಳ ವೈರ ಬರೆಯುವವರ ವೈರವಾಗಬಾರದು.

ನಮ್ಮ ತಾಳಮದ್ದಳೆ

ಇವೆಲ್ಲ ಪರದೇಶದ ಹೊಸ ವಿಷಯಗಳೆಂದು ತೋರಬಹುದು. ಆದರೆ ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ತಾಳಮದ್ದಳೆ ಎಂಬ ಕಲೆ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲಿಯೇ ಹೊಸೆಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಇಂತಹ ಅರ್ಥಗಾರಿಕೆಯಿಂದಲೇ ಕೀರ್ತಿ ಪಡೆದವರು.

ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ರಾಮನನ್ನು ಕೇಳುತ್ತಾನೆ. ಸಮರ್ಥನಾದ ವಾಲಿಯ ಮುಂದೆ ರಾಮನ ಅರ್ಥಧಾರಿ ತಡವರಿಸಬಹುದು. ಆದರೆ ವಾದದಲ್ಲಿ ಗೆದ್ದ ಮಾತ್ರಕ್ಕೆ ವಾಲಿ ಎದ್ದು ಕಿಷ್ಕಿಂಧೆಗೆ ಹೋಗುವಂತಿಲ್ಲ. ಪ್ರಸಂಗದ ಅಂತ್ಯ ಮೊದಲೇ ನಿಶ್ಚಿತ. ಸೋಲು ಗೆಲವು ನಿರ್ಣೀತವಾಗಿರುವುದರಿಂದಲೇ ಲಕ್ಷ್ಯವೆಲ್ಲ ಮಾತಿನ ಮೇಲೆ ನಿಲ್ಲುತ್ತದೆ. ದಾಳ ಬೇಡ, ಅಂಕಪಟ್ಟಿ ಬೇಡ. ಎದುರಿಗೆ ಕುಳಿತ ರಸಿಕರೇ ಪರೀಕ್ಷಕರು.

ಹಾಗಾದರೆ ಬರೆದಿಟ್ಟ ನಿಯಮಗಳೂ ಅಂಕಗಳೂ ಅನಾವಶ್ಯಕವೆನ್ನೋಣವೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ತಾಳಮದ್ದಳೆಯ ನಿಯಮಗಳಲ್ಲಿ ಬಹುಭಾಗ ಬರೆದಿಟ್ಟವಲ್ಲ. ಎಲ್ಲಿ ತಡೆಯಬೇಕು, ಎದುರಾಳಿಗೆ ಎಲ್ಲಿ ಎಡೆಗೊಡಬೇಕು, ಯಾವ ಪ್ರಶ್ನೆ ಪಾತ್ರಕ್ಕೆ ಸಲ್ಲದು ಎಂಬುದನ್ನು ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಅರಿಯಬೇಕು. ಅಂತಹ ಪಕ್ಕ ದೊರೆತವನು ಭಾಗ್ಯಶಾಲಿ. ದೊರೆಯದವನ ಗತಿ?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂತಹವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಉಪನ್ಯಾಸಕರನ್ನು ಯಾವಾಗ ಕಾಣಬೇಕು, ಪ್ರಬಂಧವೆಂದರೆ ಎಷ್ಟು ಬರೆಯಬೇಕು, ಚರ್ಚಾಸ್ಪರ್ಧೆಯಲ್ಲಿ ಎದ್ದು ನಿಲ್ಲುವುದು ಹೇಗೆ, ಇವನ್ನೆಲ್ಲ ಮನೆಯಲ್ಲಿ ಕೇಳಿ ತಿಳಿಯಲು ನಮಗೆ ಯಾರೂ ಇರಲಿಲ್ಲ. ಬಾಯಿಂದ ಬಾಯಿಗೆ ಸಾಗುವ ನಿಯಮ ಒಳಗಿನವರಿಗೆ ಸಹಜ, ಹೊರಗಿನಿಂದ ಬಂದವನಿಗೆ ಗೋಡೆ. ಫಲಕದ ಮೇಲೆ ಬರೆದು ಹಾಕಿದ ನಿಯಮವಾದರೋ ಎಲ್ಲರಿಗೂ ಒಂದೇ. ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ಪ್ರಕಟವಾಗಿದ್ದರೆ, ಯಾರ ಮಗನೆಂದು ಕೇಳದೆ ಅದು ಸಲ್ಲುತ್ತದೆ. ಅಂಕಗಳನ್ನು ಹಳಿಯುವವರು ಈ ಉಪಕಾರವನ್ನು ಮರೆಯಬಾರದೆಂದು ನನ್ನ ಅಭಿಪ್ರಾಯ.

ಅಷ್ಟೇ ಸತ್ಯವಾದದ್ದು ಇನ್ನೊಂದು. ಚಿನ್ನಕ್ಕೆ ಅಂಕವಿಟ್ಟರೆ ಚಿನ್ನವನ್ನೂ ಕತ್ತಿಗೆ ಅಂಕವಿಟ್ಟರೆ ಕತ್ತಿಯನ್ನೂ ಹಿಡಿಯುವ ಆಟಗಾರನಂತೆ, ಕಂಠಪಾಠಕ್ಕೆ ಅಂಕವಿಟ್ಟರೆ ವಿದ್ಯಾರ್ಥಿಯೂ ಕಂಠಪಾಠವನ್ನೇ ಹಿಡಿಯುತ್ತಾನೆ. ದೋಷ ವಿದ್ಯಾರ್ಥಿಯೊಬ್ಬನದೇ ಅಲ್ಲ. ಆದುದರಿಂದ ಅಂಕ ಬೇಕೇ ಬೇಡವೇ ಎಂಬುದಕ್ಕಿಂತ ಯಾವುದಕ್ಕೆ ಅಂಕ ಎಂಬ ಪ್ರಶ್ನೆಯೇ ಹಿರಿದು.

ಒಂದು ಸೂಚನೆ

ನಮ್ಮ ಸಾಹಿತ್ಯ ಸಂಘದವರು ಬರುವ ವರ್ಷ ಇದನ್ನು ಪ್ರಯೋಗವಾಗಿ ನಡೆಸಿ ನೋಡಬಹುದು. ಏಳೆಂಟು ಮಂದಿ ಸೇರಿ, ಒಂದು ಊರನ್ನು ಕಲ್ಪಿಸಿ, ಪಟೇಲ, ಶಾನುಭೋಗ, ಶಾಲೆಯ ಮೇಷ್ಟ್ರು, ಅಂಗಡಿಯಾಕೆ ಹೀಗೆ ಪಾತ್ರಗಳನ್ನು ಹಂಚಿಕೊಂಡು, ವಾರಕ್ಕೊಂದು ಪುಟದಂತೆ ಒಂದೇ ನೋಟುಬುಕ್ಕಿನಲ್ಲಿ ಸರದಿಯಾಗಿ ಬರೆಯಲಿ. ಮೇಲ್ಕಂಡ ನಾಲ್ಕು ನಿಯಮಗಳನ್ನು ಮೊದಲ ಪುಟದಲ್ಲೇ ಬರೆದಿಡಲಿ. ಅಂಕ ಕೊಡುವುದಾದರೆ ಮೂರಕ್ಕೆ ಮಾತ್ರ ಕೊಡಲಿ: ಸರದಿಯನ್ನು ತಪ್ಪಿಸದಿದ್ದುದಕ್ಕೆ, ಹಿಂದಿನವರು ಬರೆದುದನ್ನು ನೆನಪಿಟ್ಟು ಬಳಸಿದುದಕ್ಕೆ, ಮುಂದಿನವನ ಪಾತ್ರಕ್ಕೆ ಮಾಡಲು ಏನಾದರೂ ಕೆಲಸ ಉಳಿಸಿಕೊಟ್ಟದ್ದಕ್ಕೆ. ಭಾಷೆಯ ಸೊಗಸಿಗೆ ಅಂಕ ಬೇಡ. ಇಲ್ಲವಾದರೆ ಈಗಾಗಲೇ ಚೆನ್ನಾಗಿ ಬರೆಯಬಲ್ಲವರೇ ಗೆದ್ದು, ಕಲಿಯಬಂದವರು ಎರಡನೆಯ ವಾರವೇ ಎದ್ದುಹೋಗುವರು. ವರ್ಷದ ಕೊನೆಯಲ್ಲಿ ಅಂಕಗಳನ್ನು ಓದಿ ಮುಗಿಸಿ, ನೋಟುಬುಕ್ಕನ್ನು ಗ್ರಂಥಾಲಯಕ್ಕೆ ಒಪ್ಪಿಸಿದರೆ ಮುಂದೆ ಬರುವ ವಿದ್ಯಾರ್ಥಿಗಳು ಅಲ್ಲಿಂದಲೇ ಕಥೆಯನ್ನು ಮುಂದುವರಿಸಬಹುದು. ಗುರುಜನರು ಈ ಸೂಚನೆಯನ್ನು ಪರಿಶೀಲಿಸಬೇಕಾಗಿ ವಿನಂತಿ.