ಹಣ್ಣಿನ ಛಾಯಾಚಿತ್ರ: ಪ್ರತಿಬಿಂಬ ತಾಳೆಯಾಗುತ್ತದೆಯೇ?

ಖಾನಾಪುರ ತಾಲೂಕಿನ ಬೀಡಿ ಹೋಬಳಿಯ ಮಾವು, ಹಲಸು ದೂರದ ಖರೀದಿದಾರನ ಕೈ ಸೇರುವ ಮುನ್ನ ಇಂದು ಅವನ ಮೊಬೈಲ್ ಪರದೆಯನ್ನು ಸೇರುತ್ತವೆ. ಚಿತ್ರ ನೋಡಿಯೇ ದರ ನಿರ್ಣಯವಾಗುವಾಗ, ಅದನ್ನು ಪರಿಶೀಲಿಸುವ ಮತ್ತು ತಿದ್ದುವ ಕ್ರಮವನ್ನು ವರ್ತಕ ಬಾಂಧವರು ಅರಿತಿರುವುದು ಅವಶ್ಯ.

ಕಪ್ಪು ಗಾಜಿನ ಮೇಲೆ ಹಣ್ಣನ್ನಿಟ್ಟು, ಕೆಳಗೆ ಪ್ರತಿಬಿಂಬ ಕಾಣುವಂತೆ ತೆಗೆದ ಚಿತ್ರವನ್ನು ತೆಗೆದುಕೊಳ್ಳೋಣ. ಇಲ್ಲಿ ಮೊದಲು ನೋಡಬೇಕಾದುದು ಹಣ್ಣನ್ನಲ್ಲ, ಪ್ರತಿಬಿಂಬವನ್ನು. ಖಾತೆಯ ಎರಡು ಬದಿಗಳಂತೆ ಇವೆರಡೂ ತಾಳೆಯಾಗಬೇಕು; ಆದರೆ ತಾಳೆಯೆಂದರೆ ನಕಲಲ್ಲ. ಗಾಜು ಹಣ್ಣನ್ನು ಕೆಳಗಿನಿಂದ ನೋಡುತ್ತದೆ. ಆದುದರಿಂದ ನಿಜವಾದ ಪ್ರತಿಬಿಂಬದಲ್ಲಿ ತಳಭಾಗ ಹೆಚ್ಚು ಕಂಡು, ಮೇಲ್ಮುಖವಾಗಿರುವ ತೊಟ್ಟಿನ ಕುಳಿ ಮರೆಯಾಗುತ್ತದೆ. ಅದೇ ಕುಳಿ, ಅದೇ ಹೊಳಪಿನ ಚುಕ್ಕೆ ತಲೆಕೆಳಗಾಗಿ ಕೆಳಗೂ ಇದ್ದರೆ ಅದು ಗಣಕಯಂತ್ರದಲ್ಲಿ ಅಂಟಿಸಿದ ಬಿಂಬವೆಂದು ತಿಳಿಯಬೇಕು. ಅಂಚು ಜೋಡಿಯಾಗಿ ಕಂಡರೆ ದೋಷ ಬೇರೆ: ಮುಖ ನೋಡುವ ಕನ್ನಡಿಯಲ್ಲಿ ಗಾಜಿನ ಮೇಲ್ಮೈ ಒಂದು ಬಿಂಬವನ್ನೂ ಹಿಂಬದಿಯ ಲೇಪ ಇನ್ನೊಂದನ್ನೂ ಕೊಡುತ್ತವೆ. ಕಪ್ಪು ಅಕ್ರಿಲಿಕ್ ಹಾಳೆ ಬಳಸಿದರೆ ಈ ತೊಂದರೆಯಿಲ್ಲ. ಕ್ಯಾಮೆರಾವನ್ನು ತಗ್ಗಿಸಿದಷ್ಟೂ ಬಿಂಬ ಗಾಢವಾಗುತ್ತದೆ. ಅತಿಯಾದರೆ ಹಣ್ಣಿನೊಡನೆ ಪೈಪೋಟಿಗೆ ನಿಲ್ಲುತ್ತದೆ. ಆಗ ಕ್ಯಾಮೆರಾವನ್ನು ಸ್ವಲ್ಪ ಎತ್ತರಿಸುವುದು ಲೇಸು.

ತಿದ್ದುವಾಗ ಮೊದಲು ಬಣ್ಣ, ನಂತರ ಬೆಳಕು. ಹಣ್ಣಿನ ಪಕ್ಕದಲ್ಲಿ ಬಿಳಿ ಕಾಗದವನ್ನಿಟ್ಟು ಒಂದು ಚಿತ್ರ ತೆಗೆದಿದ್ದರೆ ಕೆಲಸ ಸುಲಭ. ಕಾಗದ ಬಿಳಿಯಾಗಿ ಕಾಣುವಂತೆ ಸರಿಪಡಿಸಿದಾಗ ಹಣ್ಣಿನ ಬಣ್ಣವೂ ಬಹುಮಟ್ಟಿಗೆ ನೆಲೆಗೆ ಬರುತ್ತದೆ. ಗಾಜಿನ ಮೇಲಿನ ಧೂಳು, ಬೆರಳ ಗುರುತು ಅಳಿಸಲು ಅಡ್ಡಿಯಿಲ್ಲ. ಸಿಪ್ಪೆಯ ಮೇಲಿನ ಕಲೆ ಮಾತ್ರ ಸರಕಿಗೆ ಸೇರಿದ್ದು. ಅದನ್ನು ಅಳಿಸಿ, ಹಸಿರು ಮಾವಿಗೆ ಕೇಸರಿ ತುಂಬಿ ಕಳಿಸುವುದನ್ನು ಕೆಲವರು ಅಲಂಕಾರವೆನ್ನುತ್ತಾರೆ. ಕಾಯ್ದೆ ಹಾಗೆನ್ನುವುದಿಲ್ಲ. ಆಹಾರದ ಗುಣಮಟ್ಟದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೆಯ ಕಲಮಿನಡಿ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಜಾಹೀರಾತಿನ ವ್ಯಾಖ್ಯೆಯೊಳಗೆ ಅಂತರ್ಜಾಲವನ್ನಷ್ಟೇ ಅಲ್ಲ, ಲೇಬಲ್ಲು, ಹೊದಿಕೆ, ಇನ್‌ವಾಯ್ಸನ್ನೂ ಸೇರಿಸಿದೆ. ಬಿಲ್ಲಿನ ಮೂಲೆಯಲ್ಲಿ ಅಚ್ಚಾದ ಮಾವಿನ ಚಿತ್ರವೂ ಇದರಿಂದ ಹೊರತಲ್ಲ!

ತಿದ್ದುವ ಮುನ್ನಿನ ಮೂಲ ಚಿತ್ರವನ್ನು ದಿನಾಂಕಸಹಿತ, ಆಯಾ ಸರಕಿನ ಬಿಲ್ಲಿನ ಸಂಖ್ಯೆಯೊಡನೆ ಕಾಯ್ದಿರಿಸತಕ್ಕದ್ದು. ಬಣ್ಣದ ನೆಪದಲ್ಲಿ ಮಾಲು ತಿರಸ್ಕೃತವಾಗಿ ತಗಾದೆ ಬಂದ ದಿನ ಅದೇ ನಿಮ್ಮ ವೋಚರು.